ಟೊಪಾಲಜಿ ಅಂದರೆ ಬರೀ ವ್ಯಾಖ್ಯೆಗಳ ಮೂಟೆಯಾ?

ಪ್ರಶ್ನೆ: ನಾನು ಎಂ.ಎಸ್ಸಿ. ಗಣಿತದ ಮೊದಲ ವರ್ಷದಲ್ಲಿದ್ದೇನೆ. ಈ ಸಲ ಜನರಲ್ ಟೊಪಾಲಜಿ ಇದೆ. ಓಪನ್ ಸೆಟ್ ಅಂದರೆ ಏನು ಅಂತ ಕೇಳಿದರೆ ‘ಟೊಪಾಲಜಿಯಲ್ಲಿ ಇರುವ ಸೆಟ್’ ಅನ್ನುತ್ತಾರೆ. ಟೊಪಾಲಜಿ ಅಂದರೆ ಏನು ಅಂದರೆ ‘ಓಪನ್ ಸೆಟ್‌ಗಳ ಸಂಗ್ರಹ’ ಅನ್ನುತ್ತಾರೆ. ಆಮೇಲೆ ಟಿ-ಝೀರೋ, ಟಿ-ಒನ್, ಟಿ-ಟೂ ಅಂತ ಶುರುವಾದರೆ ಮುಗಿಯುವುದೇ ಇಲ್ಲ. ಬೀಜಗಣಿತ, ಸಂಖ್ಯಾ ಸಿದ್ಧಾಂತ, ತರ್ಕ ಇವಕ್ಕೆಲ್ಲ ಇದರಿಂದ ನಿಜಕ್ಕೂ ಏನಾದರೂ ಆಗಿದೆಯಾ? ಅಥವಾ ಇದು ಯಾವತ್ತೋ ಮುಗಿದುಹೋದ ವಿಷಯವಾ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾನು ಮೊದಲ ಸಲ ಓದಿದಾಗಲೂ ಹೀಗೇ ಆಗಿತ್ತು. ಪರೀಕ್ಷೆಯಲ್ಲಿ ಅಂಕ ಬಂತು, ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ಹತ್ತಿದ್ದು ಎಷ್ಟೋ ಕಾಲದ ಮೇಲೆ, ಬೀಜಗಣಿತ ಓದುವಾಗ. ಅಲ್ಲಿ ಟೊಪಾಲಜಿ ಕರೆಯದೇ ಬಂದು ಕೂತಿತ್ತು. ಹಾಗಾಗಿ ನಿಮಗೆ ಪಠ್ಯದ ಕ್ರಮದಲ್ಲಿ ಉತ್ತರ ಕೊಡುವುದಿಲ್ಲ. ನನಗೆ ಅರ್ಥವಾದ ದಾರಿಯಲ್ಲೇ ಕರೆದುಕೊಂಡು ಹೋಗುತ್ತೇನೆ.

ಮೊದಲು ಆ ನಿಯಮಗಳನ್ನು ನೋಡೋಣ. ಓಪನ್ ಸೆಟ್‌ಗಳನ್ನು ಎಷ್ಟು ಬೇಕಾದರೂ ಸೇರಿಸಬಹುದು, ಸಂಯೋಗ ಓಪನ್ ಆಗಿಯೇ ಇರುತ್ತದೆ. ಛೇದನ ಮಾತ್ರ ಪರಿಮಿತ ಸಂಖ್ಯೆಯ ಸೆಟ್‌ಗಳಿಗಷ್ಟೇ. ಯಾಕೆ ಈ ತಾರತಮ್ಯ? ತರಗತಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಒಂದು ಥರ್ಮಾಮೀಟರ್ ಯೋಚಿಸಿ. ಎಷ್ಟು ನಿಖರವಾದರೂ ಅದರಲ್ಲಿ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ತಪ್ಪನ್ನು ಕಡಿಮೆ ಮಾಡುತ್ತಾ ಹೋಗಬಹುದು, ಸೊನ್ನೆ ಮಾಡಲು ಆಗುವುದಿಲ್ಲ. ಈಗ ‘ಉಷ್ಣಾಂಶ 37ಕ್ಕಿಂತ ಜಾಸ್ತಿ ಇದೆ’ ಎಂಬ ಮಾತು ತೆಗೆದುಕೊಳ್ಳಿ. ಅದು ನಿಜವಾಗಿದ್ದರೆ ಯಾವತ್ತಾದರೂ ಒಂದು ಅಳತೆಯಲ್ಲಿ ಖಚಿತವಾಗಿಬಿಡುತ್ತದೆ. ನಿಜವಾದ ಬೆಲೆ 37.001 ಇದ್ದರೆ ಸ್ವಲ್ಪ ಒಳ್ಳೆಯ ಥರ್ಮಾಮೀಟರ್ ಬೇಕು, ಅಷ್ಟೇ. ಆದರೆ ‘ಉಷ್ಣಾಂಶ ಸರಿಯಾಗಿ 37’ ಎಂಬ ಮಾತು ನಿಜವಾಗಿದ್ದರೂ ಯಾವ ಅಳತೆಯಿಂದಲೂ ಖಚಿತವಾಗುವುದಿಲ್ಲ. ಮೊದಲನೆಯದು ಓಪನ್ ಸೆಟ್, ಎರಡನೆಯದು ಅಲ್ಲ.

ಓಪನ್ ಸೆಟ್ ಅಂದರೆ ಇಷ್ಟೇ: ನಿಜವಾಗಿದ್ದರೆ ಪರಿಮಿತ ಕೆಲಸದಲ್ಲಿ ಖಚಿತವಾಗುವ ಮಾತು. ಇಂಥ ಸಾವಿರ ಮಾತುಗಳಿಗೆ ‘ಅಥವಾ’ ಹಾಕಿ, ಅನಂತ ಮಾತುಗಳಿಗೇ ಹಾಕಿ. ಯಾವುದೋ ಒಂದು ಖಚಿತವಾದರೆ ಸಾಕು, ಕೆಲಸ ಮುಗಿಯಿತು. ‘ಮತ್ತು’ ಹಾಕಿದರೆ ಎಲ್ಲವನ್ನೂ ಪರೀಕ್ಷಿಸಬೇಕು. ಹತ್ತಿದ್ದರೆ ಹತ್ತೂ ನೋಡಬಹುದು. ಅನಂತ ಇದ್ದರೆ ಪರೀಕ್ಷೆ ಮುಗಿಯುವುದೇ ಇಲ್ಲ. ನಿಯಮಗಳ ಗುಟ್ಟು ಇದು. ‘ನಿರಂತರ’ ಎಂಬುದಕ್ಕೂ ಈಗ ಅರ್ಥ ಬರುತ್ತದೆ. ಉತ್ತರದ ಬಗ್ಗೆ ಏನನ್ನಾದರೂ ಖಚಿತಪಡಿಸಿಕೊಳ್ಳಲು ಮೂಲದ ಮೇಲೆ ಪರಿಮಿತ ಪರೀಕ್ಷೆ ಸಾಕಾಗುವುದಾದರೆ ಆ ಫಂಕ್ಷನ್ ನಿರಂತರ. ಓಪನ್ ಸೆಟ್‌ನ ಹಿಂಬಿಂಬ ಓಪನ್ ಆಗಿರಬೇಕು ಅನ್ನುವುದು ಇದನ್ನೇ.

ಚರಿತ್ರೆ ಈ ಕ್ರಮದಲ್ಲಿ ನಡೆಯಲಿಲ್ಲ ಅನ್ನಿ. ಶುರುವಾದದ್ದು ತ್ರಿಕೋನಮಿತಿ ಸರಣಿಗಳಿಂದ. ಒಂದು ತ್ರಿಕೋನಮಿತಿ ಸರಣಿ ಎಲ್ಲ ಬಿಂದುಗಳಲ್ಲೂ ಸೊನ್ನೆಗೆ ಬಂದರೆ ಅದರ ಸಹಗುಣಕಗಳೆಲ್ಲ ಸೊನ್ನೆ ಎಂದು 1870ರಲ್ಲಿ ಕ್ಯಾಂಟರ್ ತೋರಿಸಿದ. ಆಮೇಲೆ ಅವನಿಗೆ ಒಂದು ಕುತೂಹಲ ಹತ್ತಿತು. ಕೆಲವು ಬಿಂದುಗಳನ್ನು ಬಿಟ್ಟರೂ ಇದು ನಡೆಯುತ್ತದಾ? ಪರಿಮಿತ ಬಿಂದುಗಳನ್ನು ಬಿಡಬಹುದು. ಅನಂತ ಬಿಂದುಗಳನ್ನೂ ಬಿಡಬಹುದು, ಆದರೆ ಅವು ಗುಂಪುಗಟ್ಟುವ ರೀತಿ ನೋಡಿಕೊಳ್ಳಬೇಕು. ಅದಕ್ಕೆ ಅವನು ಮಿತಿ ಬಿಂದುಗಳ (ಸೆಟ್‌ನ ಬೇರೆ ಬಿಂದುಗಳು ಎಷ್ಟು ಬೇಕಾದರೂ ಹತ್ತಿರ ಬರುವ ಬಿಂದುಗಳ) ಸೆಟ್, ಅದರ ಮಿತಿ ಬಿಂದುಗಳ ಸೆಟ್, ಮತ್ತೆ ಅದರದ್ದು ಅಂತ ತೆಗೆಯುತ್ತಾ ಹೋದ. 1872ರ ಆ ಲೇಖನದಲ್ಲಿ ಇಂದಿನ ಟೊಪಾಲಜಿಯ ಬೀಜ ಇದೆ. ದೂರ ಎಂಬ ಕಲ್ಪನೆಯನ್ನು ಫ್ರೆಶೆ 1906ರಲ್ಲಿ ಅಮೂರ್ತ ಮಾಡಿದ, 1914ರಲ್ಲಿ ಹೌಸ್‌ಡಾರ್ಫ್ ದೂರವನ್ನೂ ಬಿಟ್ಟು ನೆರೆಹೊರೆಯ ಕಲ್ಪನೆಯಿಂದಲೇ ಎಲ್ಲ ಕಟ್ಟಿದ. ಅಂದರೆ ಯಾರೋ ಸುಮ್ನೆ ಕೂತು ನಿಯಮ ಬರೆದದ್ದಲ್ಲ.

ಈಗ ಸಂಖ್ಯಾ ಸಿದ್ಧಾಂತಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಪೆನ್ನು ಹಿಡಿದುಕೊಳ್ಳಿ.

1955ರಲ್ಲಿ ಹಿಲೆಲ್ ಫರ್ಸ್ಟೆನ್‌ಬರ್ಗ್ ಇನ್ನೂ ವಿದ್ಯಾರ್ಥಿ. ಅವಿಭಾಜ್ಯ ಸಂಖ್ಯೆಗಳು ಅನಂತ ಎಂಬುದಕ್ಕೆ ಅವರೊಂದು ಸಾಧನೆ (ಪ್ರೂಫ್) ಪ್ರಕಟಿಸಿದರು, ಒಂದು ಪುಟವೂ ಆಗುವುದಿಲ್ಲ. ಪೂರ್ಣಾಂಕಗಳ ಮೇಲೆ ಹೊಸದೊಂದು ಟೊಪಾಲಜಿ ಹಾಕುತ್ತಾರೆ. ಎರಡೂ ಕಡೆ ಕೊನೆಯಿಲ್ಲದೆ ಹೋಗುವ ಸಮಾಂತರ ಶ್ರೇಢಿಗಳನ್ನು ತೆಗೆದುಕೊಳ್ಳಿ, ಉದಾಹರಣೆಗೆ …, −11, −4, 3, 10, 17, 24, … ಒಂದು ಸೆಟ್‌ನಲ್ಲಿರುವ ಪ್ರತಿ ಸಂಖ್ಯೆಗೂ ಅದನ್ನು ಒಳಗೊಂಡ ಯಾವುದಾದರೂ ಒಂದು ಶ್ರೇಢಿ ಪೂರ್ತಿಯಾಗಿ ಆ ಸೆಟ್‌ನೊಳಗೇ ಸಿಕ್ಕಿದರೆ ಆ ಸೆಟ್ ಓಪನ್. ಸಂಯೋಗದ ನಿಯಮ ತಾನಾಗಿ ಬರುತ್ತದೆ. ಛೇದನಕ್ಕೆ ಏನು ಮಾಡೋದು? 3ರ ಸುತ್ತ 7ರ ಹೆಜ್ಜೆಯ ಶ್ರೇಢಿ ಒಂದರಲ್ಲಿದೆ, 10ರ ಹೆಜ್ಜೆಯದು ಇನ್ನೊಂದರಲ್ಲಿದೆ ಅಂದರೆ 70ರ ಹೆಜ್ಜೆಯದು ಎರಡರಲ್ಲೂ ಇದೆ. ಶಾಲೆಯಲ್ಲಿ ಕಲಿತ ಲ.ಸಾ.ಅ. ಇಲ್ಲಿ ಕೆಲಸಕ್ಕೆ ಬಂತು.

ಎರಡು ವಿಷಯ ಗಮನಿಸಿ. ಖಾಲಿಯಲ್ಲದ ಓಪನ್ ಸೆಟ್ ಪರಿಮಿತವಾಗಿರಲು ಸಾಧ್ಯವಿಲ್ಲ, ಒಳಗೆ ಒಂದು ಇಡೀ ಶ್ರೇಢಿ ಕೂತಿರಬೇಕಲ್ಲ. ಎರಡನೆಯದು, ಪ್ರತಿ ಶ್ರೇಢಿಯೂ ಓಪನ್ ಮಾತ್ರವಲ್ಲ, ಕ್ಲೋಸ್ಡ್ ಕೂಡ, ಅಂದರೆ ಅದರ ಹೊರಗೆ ಉಳಿಯುವುದೂ ಓಪನ್. 7ರಿಂದ ಭಾಗಿಸಿದಾಗ ಶೇಷ 3 ಬರುವ ಸಂಖ್ಯೆಗಳನ್ನು ತೆಗೆದರೆ ಉಳಿಯುವುದು ಶೇಷ 0, 1, 2, 4, 5, 6 ಬರುವವು. ಅಂದರೆ ಆರು ಶ್ರೇಢಿಗಳು, ಅವುಗಳ ಸಂಯೋಗ ಓಪನ್.

ಈಗ ಎಲ್ಲ ಅವಿಭಾಜ್ಯ ಸಂಖ್ಯೆಗಳನ್ನೂ ತೆಗೆದುಕೊಂಡು, ಪ್ರತಿಯೊಂದರ ಅಪವರ್ತ್ಯಗಳನ್ನೂ ಒಟ್ಟಿಗೆ ಸೇರಿಸಿ. 1 ಮತ್ತು −1 ಬಿಟ್ಟು ಎಲ್ಲ ಪೂರ್ಣಾಂಕಗಳೂ ಬಂದುಬಿಡುತ್ತವೆ. ಅವಿಭಾಜ್ಯಗಳು ಪರಿಮಿತವಾಗಿದ್ದರೆ ಇದು ಪರಿಮಿತ ಸಂಖ್ಯೆಯ ಕ್ಲೋಸ್ಡ್ ಸೆಟ್‌ಗಳ ಸಂಯೋಗ, ಹಾಗಾಗಿ ಕ್ಲೋಸ್ಡ್. ಹಾಗಿದ್ದರೆ ಹೊರಗೆ ಉಳಿದ 1 ಮತ್ತು −1, ಈ ಎರಡೇ ಅಂಶಗಳ ಸೆಟ್, ಓಪನ್ ಆಗಬೇಕು. ಆಗುವುದಿಲ್ಲ, ಅದು ಪರಿಮಿತ. ಮುಗಿಯಿತು.

ಇದನ್ನು ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು ‘ಇದು ಯೂಕ್ಲಿಡ್‌ನ ಸಾಧನೆಯೇ, ಬಟ್ಟೆ ಬೇರೆ’ ಅನ್ನುತ್ತಾರೆ. ನಿಜ. ಯೂಕ್ಲಿಡ್ ಅವಿಭಾಜ್ಯಗಳನ್ನು ಗುಣಿಸಿದ. ಇಲ್ಲಿ ಆ ಗುಣಲಬ್ಧ ಛೇದನದ ನಿಯಮದೊಳಗೆ, ಆ ಲ.ಸಾ.ಅ.ದಲ್ಲಿ ಅಡಗಿ ಕೂತಿದೆ. ಆದರೆ ನನಗೆ ಮುಖ್ಯ ಅನಿಸುವುದು ಸಾಧನೆ ಅಲ್ಲ, ಆ ಟೊಪಾಲಜಿ. ಅದು ಬರೀ ಚಮತ್ಕಾರಕ್ಕೆ ಕಟ್ಟಿದ್ದಲ್ಲ, ಬೀಜಗಣಿತದಲ್ಲಿ ಅದಕ್ಕೆ ಮೊದಲೇ ಮನೆ ಇತ್ತು.

ಗಾಲ್ವಾ ಸಿದ್ಧಾಂತದಲ್ಲಿ ಒಂದು ಸುಂದರ ಪ್ರಮೇಯ ಓದಿರುತ್ತೀರಿ. ಒಂದು ಪರಿಮಿತ ಗಾಲ್ವಾ ವಿಸ್ತರಣೆಯ ಮಧ್ಯದ ಫೀಲ್ಡ್‌ಗಳಿಗೂ ಅದರ ಗಾಲ್ವಾ ಗ್ರೂಪಿನ ಉಪಗ್ರೂಪ್‌ಗಳಿಗೂ ಒಂದಕ್ಕೊಂದು ಜೋಡಿ. ವಿಸ್ತರಣೆ ಅಪರಿಮಿತವಾದರೆ ಈ ಜೋಡಿ ಮುರಿದುಬೀಳುತ್ತದೆ. ಎರಡೇ ಅಂಶಗಳಿರುವ ಫೀಲ್ಡ್ ತೆಗೆದುಕೊಂಡು ಅದರ ಬೀಜೀಯ ಪೂರ್ಣತೆಗೆ ಹೋಗಿ. ಪ್ರತಿ ಅಂಶವನ್ನು ಅದರ ವರ್ಗಕ್ಕೆ ಕಳಿಸುವ ಫ್ರೊಬೆನಿಯಸ್ ನಕ್ಷೆ ಗಾಲ್ವಾ ಗ್ರೂಪಿನಲ್ಲಿದೆ. ಅದರ ಘಾತಗಳು, ಮುಂದಕ್ಕೂ ಹಿಂದಕ್ಕೂ, ಪೂರ್ಣಾಂಕಗಳ ಹಾಗೇ ಇರುವ ಒಂದು ಉಪಗ್ರೂಪ್. ಈ ಉಪಗ್ರೂಪ್ ಅಲುಗಾಡಿಸದೆ ಬಿಡುವುದು ಮೂಲದ ಎರಡು ಅಂಶಗಳನ್ನು ಮಾತ್ರ. ಇಡೀ ಗಾಲ್ವಾ ಗ್ರೂಪ್ ಬಿಡುವುದೂ ಅವೇ ಎರಡನ್ನು. ಆದರೆ ಇಡೀ ಗ್ರೂಪ್ ಇದಕ್ಕಿಂತ ತುಂಬ ದೊಡ್ಡದು, ಎಣಿಸಲಾಗದಷ್ಟು. ಎರಡು ಬೇರೆ ಗ್ರೂಪ್, ಒಂದೇ ಫೀಲ್ಡ್. ಜೋಡಿ ಕೆಟ್ಟಿತು.

1928ರಲ್ಲಿ ವೋಲ್ಫ್‌ಗಾಂಗ್ ಕ್ರುಲ್ ಇದನ್ನು ಸರಿಪಡಿಸಿದ. ಗಾಲ್ವಾ ಗ್ರೂಪಿಗೆ ಒಂದು ಟೊಪಾಲಜಿ ಕೊಟ್ಟ. ಎರಡು ನಕ್ಷೆಗಳು ದೊಡ್ಡ ದೊಡ್ಡ ಪರಿಮಿತ ವಿಸ್ತರಣೆಗಳ ಮೇಲೆ ಒಂದೇ ಥರ ಕೆಲಸ ಮಾಡಿದಷ್ಟೂ ಅವು ಹತ್ತಿರ. ಹೀಗೆ ನೋಡಿದರೆ ಮಧ್ಯದ ಫೀಲ್ಡ್‌ಗಳಿಗೆ ಜೋಡಿಯಾಗುವುದು ಎಲ್ಲ ಉಪಗ್ರೂಪ್‌ಗಳಲ್ಲ, ಕ್ಲೋಸ್ಡ್ ಉಪಗ್ರೂಪ್‌ಗಳು ಮಾತ್ರ. ಫ್ರೊಬೆನಿಯಸ್ ಘಾತಗಳ ಉಪಗ್ರೂಪ್ ಕ್ಲೋಸ್ಡ್ ಅಲ್ಲ. ಅದು ಇಡೀ ಗ್ರೂಪಿನಲ್ಲಿ ದಟ್ಟವಾಗಿ ಹರಡಿದೆ, ಅಂದರೆ ಖಾಲಿಯಲ್ಲದ ಪ್ರತಿ ಓಪನ್ ಸೆಟ್‌ನಲ್ಲೂ ಅದರ ಅಂಶ ಸಿಗುತ್ತದೆ. ಈಗ ಆ ಘಾತಗಳನ್ನು ಪೂರ್ಣಾಂಕಗಳು ಅಂತಲೇ ನೋಡಿ, ಕ್ರುಲ್‌ನ ಟೊಪಾಲಜಿ ಅವುಗಳ ಮೇಲೆ ಹೇಗೆ ಬೀಳುತ್ತದೆ ಅಂತ ಲೆಕ್ಕ ಹಾಕಿ. ಬರುವುದು ಫರ್ಸ್ಟೆನ್‌ಬರ್ಗ್ ಅವರ ಸಮಾಂತರ ಶ್ರೇಢಿಗಳ ಟೊಪಾಲಜಿಯೇ! ನಾನು ಇದನ್ನು ಮೊದಲ ಸಲ ಕೈಯಾರೆ ಮಾಡಿ ನೋಡಿದ ದಿನ ಟೊಪಾಲಜಿಯ ಮೇಲಿದ್ದ ಸಿಟ್ಟು ಹೋಯಿತು.

ಇನ್ನೊಂದು ತಮಾಷೆ. ಸಿಯೆರ್ಪಿನ್‌ಸ್ಕಿಯ 1920ರ ಒಂದು ಪ್ರಮೇಯದ ಪ್ರಕಾರ, ಒಂಟಿ ಬಿಂದುಗಳಿಲ್ಲದ ಎಣಿಸಬಹುದಾದ ಎಲ್ಲ ಮೆಟ್ರಿಕ್ ಸ್ಪೇಸ್‌ಗಳೂ ಒಂದೇ ರೂಪದವು. ಹಾಗಾಗಿ ಈ ಪೂರ್ಣಾಂಕಗಳ ಸ್ಪೇಸ್‌ಗೂ, ಸಂಖ್ಯಾರೇಖೆಯ ಮೇಲೆ ಕೂತ ಭಾಗಲಬ್ಧ ಸಂಖ್ಯೆಗಳಿಗೂ ಟೊಪಾಲಜಿಯ ಕಣ್ಣಿನಲ್ಲಿ ವ್ಯತ್ಯಾಸವೇ ಇಲ್ಲ.

ಕಾಂಪ್ಯಾಕ್ಟ್ ಎಂಬ ಪದವನ್ನು ನೀವು ‘ಪ್ರತಿ ಓಪನ್ ಕವರ್‌ಗೂ ಪರಿಮಿತ ಉಪಕವರ್’ ಅಂತ ಬಾಯಿಪಾಠ ಮಾಡಿರುತ್ತೀರಿ. ಅದನ್ನು ತಿರುಗಿಸಿ ಓದಿ: ಒಂದಿಷ್ಟು ಕ್ಲೋಸ್ಡ್ ಷರತ್ತುಗಳಿವೆ, ಅವುಗಳಲ್ಲಿ ಯಾವ ಪರಿಮಿತ ಷರತ್ತುಗಳನ್ನು ಆರಿಸಿದರೂ ಅವನ್ನು ಪೂರೈಸುವ ಬಿಂದು ಸಿಗುತ್ತದೆ ಅಂದರೆ, ಎಲ್ಲವನ್ನೂ ಒಟ್ಟಿಗೆ ಪೂರೈಸುವ ಬಿಂದುವೂ ಸಿಗುತ್ತದೆ. ಈ ರೂಪ ನನಗೆ ಜಾಸ್ತಿ ಇಷ್ಟ, ಯಾಕೆಂದರೆ ಇದನ್ನು ನೇರವಾಗಿ ಬಳಸಬಹುದು.

ದೇಶಗಳ ಯಾವ ಪರಿಮಿತ ನಕ್ಷೆಗಾದರೂ 4 ಬಣ್ಣ ಸಾಕು, ಗಡಿ ಹಂಚಿಕೊಂಡ ದೇಶಗಳಿಗೆ ಬೇರೆ ಬೇರೆ ಬಣ್ಣ ಬರುತ್ತದೆ ಎಂದು 1976ರಲ್ಲಿ ಆಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ಸಹಾಯದಿಂದ ತೋರಿಸಿದರು. ಅನಂತ ದೇಶಗಳಿರುವ ನಕ್ಷೆಗೆ? ಪ್ರತಿ ದೇಶಕ್ಕೂ 4 ಬಣ್ಣಗಳ ಒಂದು ಪುಟ್ಟ ಸೆಟ್ ಕೊಡಿ. ಅದು ಪರಿಮಿತ, ಹಾಗಾಗಿ ಕಾಂಪ್ಯಾಕ್ಟ್. ಎಲ್ಲ ದೇಶಗಳದ್ದನ್ನೂ ಗುಣಿಸಿದರೆ ಬರುವ ದೊಡ್ಡ ಸ್ಪೇಸ್‌ನ ಒಂದೊಂದು ಬಿಂದುವೂ ಇಡೀ ನಕ್ಷೆಗೆ ಒಂದೊಂದು ಬಣ್ಣಗಾರಿಕೆ, ಸರಿಯೋ ತಪ್ಪೋ. ಟಿಖೊನೊವ್ ಪ್ರಮೇಯದ ಪ್ರಕಾರ ಆ ಸ್ಪೇಸ್ ಕೂಡ ಕಾಂಪ್ಯಾಕ್ಟ್. ‘ಈ ಎರಡು ನೆರೆಯ ದೇಶಗಳಿಗೆ ಬೇರೆ ಬಣ್ಣ’ ಎಂಬುದು ಒಂದು ಕ್ಲೋಸ್ಡ್ ಷರತ್ತು, ಎರಡೇ ದೇಶ ನೋಡಿದರೆ ತೀರ್ಮಾನವಾಗುತ್ತದೆ. ಯಾವ ಪರಿಮಿತ ಗಡಿಗಳನ್ನು ತೆಗೆದುಕೊಂಡರೂ ಅವು ಪರಿಮಿತ ನಕ್ಷೆಯೊಳಗಿನವು, ಅಲ್ಲಿ ಬಣ್ಣ ಹಾಕಬಹುದು. ಹಾಗಾದರೆ ಇಡೀ ಅನಂತ ನಕ್ಷೆಗೂ ಹಾಕಬಹುದು. ಇದರ ಸಾಮಾನ್ಯ ರೂಪವನ್ನು, ಎಷ್ಟು ಬಣ್ಣವಾದರೂ ಯಾವ ಗ್ರಾಫ್ ಆದರೂ, ಡಿ ಬ್ರೌನ್ ಮತ್ತು ಎರ್ಡಿಶ್ 1951ರಲ್ಲಿ ಪ್ರಕಟಿಸಿದರು.

ಬಣ್ಣಗಳ ಬದಲು ‘ನಿಜ’, ‘ಸುಳ್ಳು’ ಅಂತ ಎರಡೇ ಆಯ್ಕೆ ಇಡಿ, ದೇಶಗಳ ಬದಲು ಹೇಳಿಕೆಗಳನ್ನು ಇಡಿ. ಅದೇ ಸಾಧನೆ ತರ್ಕಶಾಸ್ತ್ರಕ್ಕೆ ದಾಟುತ್ತದೆ. ಅಲ್ಲಿ ಅದರ ಹೆಸರೇ ಕಾಂಪ್ಯಾಕ್ಟ್‌ನೆಸ್ ಪ್ರಮೇಯ. ಪರಿಮಾಣಸೂಚಕಗಳಿರುವ (‘ಎಲ್ಲ’, ‘ಯಾವುದೋ ಒಂದು’ ಎಂಬಂಥ ಪದಗಳಿರುವ) ತರ್ಕಕ್ಕೆ ಇನ್ನಷ್ಟು ಕೆಲಸ ಬೇಕು, ಆದರೆ ಹೂರಣ ಇದೇ. ಅದರಿಂದ ಏನಾಗುತ್ತದೆ ನೋಡಿ. ಸ್ವಾಭಾವಿಕ ಸಂಖ್ಯೆಗಳ ಬಗ್ಗೆ ನಿಜವಾದ ಹೇಳಿಕೆಗಳನ್ನೆಲ್ಲ ಒಟ್ಟುಮಾಡಿ. ‘ಕ್ಷ’ ಎಂಬ ಹೊಸ ಸಂಖ್ಯೆಯೊಂದನ್ನು ತಂದು, ಕ್ಷ 1ಕ್ಕಿಂತ ದೊಡ್ಡದು, 2ಕ್ಕಿಂತ ದೊಡ್ಡದು, 3ಕ್ಕಿಂತ ದೊಡ್ಡದು ಅಂತ ಸೇರಿಸುತ್ತಾ ಹೋಗಿ. ಪರಿಮಿತ ಹೇಳಿಕೆಗಳನ್ನು ಮಾತ್ರ ನೋಡಿದರೆ ತೊಂದರೆಯೇ ಇಲ್ಲ, ಕ್ಷ ಸಾಕಷ್ಟು ದೊಡ್ಡ ಸಂಖ್ಯೆ ಅಷ್ಟೇ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಪೂರೈಸುವ ಜಗತ್ತೂ ಒಂದಿದೆ. ಅಲ್ಲಿ ಅಂಕಗಣಿತದ ಎಲ್ಲ ನಿಜಗಳೂ ನಿಜ, ಆದರೆ ನಮ್ಮ ಎಲ್ಲ ಸಂಖ್ಯೆಗಳಿಗಿಂತ ದೊಡ್ಡದಾದ ಸಂಖ್ಯೆಗಳೂ ಇವೆ. ಇದೇ ಜಾಡಿನಲ್ಲಿ ಹೋಗಿ ಅಬ್ರಹಾಂ ರಾಬಿನ್ಸನ್ 1960ರ ದಶಕದಲ್ಲಿ ಕ್ಯಾಲ್ಕುಲಸ್‌ಗೆ ಅತಿಸೂಕ್ಷ್ಮ ಸಂಖ್ಯೆಗಳನ್ನು ಮರಳಿ ತಂದ.

ನೀವು ಬೈದ ಟಿ-ಒನ್, ಟಿ-ಟೂ ಬಗ್ಗೆ ಎರಡು ಮಾತು. ಮೊದಲ ಓದಿಗೆ ಎರಡನ್ನು ಹಿಡಿದುಕೊಳ್ಳಿ ಸಾಕು. ಒಂದು ಹೌಸ್‌ಡಾರ್ಫ್, ಅಂದರೆ ಟಿ-ಟೂ. ಯಾವ ಎರಡು ಬಿಂದುಗಳ ಸುತ್ತಲೂ ಒಂದಕ್ಕೊಂದು ಮುಟ್ಟದ ಓಪನ್ ಸೆಟ್‌ಗಳು ಸಿಗಬೇಕು. ಅದಿದ್ದರೆ ಮಿತಿ ಒಂದೇ ಇರುತ್ತದೆ. ಇನ್ನೊಂದು ನಾರ್ಮಲ್. ಅದಿದ್ದರೆ ಉರಿಸೋನ್‌ನ ಲೆಮ್ಮಾ ಪ್ರಕಾರ ಒಂದೂ ಬಿಂದು ಹಂಚಿಕೊಳ್ಳದ ಎರಡು ಕ್ಲೋಸ್ಡ್ ಸೆಟ್‌ಗಳನ್ನು ಒಂದು ನಿರಂತರ ಫಂಕ್ಷನ್ ಬೇರ್ಪಡಿಸುತ್ತದೆ. ಉಳಿದವು ಪರೀಕ್ಷೆಗೆ. ಮುಂದೆ ಬೇಕಾದಾಗ ಹುಡುಕಿಕೊಳ್ಳಬಹುದು.

ಆದರೆ ‘ಹೌಸ್‌ಡಾರ್ಫ್ ಅಲ್ಲದ ಸ್ಪೇಸ್‌ಗಳು ಕಾಯಿಲೆ ಬಿದ್ದವು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೀಜೀಯ ಜ್ಯಾಮಿತಿಯ ಝರಿಸ್ಕಿ ಟೊಪಾಲಜಿಯಲ್ಲಿ ಬಹುಪದೋಕ್ತಿಗಳ ಸೊನ್ನೆಗಳಷ್ಟೇ ಕ್ಲೋಸ್ಡ್. ಉಳಿದ ಓಪನ್ ಸೆಟ್‌ಗಳು ಎಷ್ಟು ದೊಡ್ಡವು ಅಂದರೆ, ಸಮತಲದಂಥ ಜಾಗದಲ್ಲಿ ಖಾಲಿಯಲ್ಲದ ಯಾವ ಎರಡನ್ನು ತೆಗೆದುಕೊಂಡರೂ ಮುಟ್ಟಿಕೊಳ್ಳುತ್ತವೆ. ಹೌಸ್‌ಡಾರ್ಫ್ ಆಗುವ ಮಾತೇ ಇಲ್ಲ. ಅದೇ ಅದರ ಶಕ್ತಿ. ಪ್ರತಿ ಮ್ಯಾಟ್ರಿಕ್ಸ್ ತನ್ನದೇ ಲಾಕ್ಷಣಿಕ ಸಮೀಕರಣವನ್ನು ಪೂರೈಸುತ್ತದೆ ಎಂಬ ಕೇಲಿ–ಹ್ಯಾಮಿಲ್ಟನ್ ಪ್ರಮೇಯ ನಿಮಗೆ ಗೊತ್ತು. ಐಗನ್ ಮೌಲ್ಯಗಳೆಲ್ಲ ಬೇರೆ ಬೇರೆ ಇದ್ದರೆ ಮ್ಯಾಟ್ರಿಕ್ಸನ್ನು ಕರ್ಣೀಯ ಮಾಡಬಹುದು, ಆಗ ಪ್ರಮೇಯ ಕಣ್ಣಿಗೇ ಕಾಣುತ್ತದೆ. ಬೀಜೀಯವಾಗಿ ಪೂರ್ಣವಾದ ಫೀಲ್ಡ್ ಮೇಲೆ ಇಂಥ ಮ್ಯಾಟ್ರಿಕ್ಸ್‌ಗಳದ್ದು ಖಾಲಿಯಲ್ಲದ ಓಪನ್ ಸೆಟ್, ಹಾಗಾಗಿ ದಟ್ಟ. ಪ್ರಮೇಯ ನಿಜವಾಗುವ ಮ್ಯಾಟ್ರಿಕ್ಸ್‌ಗಳದ್ದು ಕ್ಲೋಸ್ಡ್ ಸೆಟ್, ಯಾಕೆಂದರೆ ಅದು ಬಹುಪದೋಕ್ತಿಗಳ ಷರತ್ತು. ದಟ್ಟ ಸೆಟ್ ಒಂದನ್ನು ಒಳಗೊಂಡ ಕ್ಲೋಸ್ಡ್ ಸೆಟ್ ಅಂದರೆ ಎಲ್ಲವೂ. ಸಾಧನೆ ಮೂರು ಸಾಲಿನದು.

ವಿಶ್ಲೇಷಣೆಯ ಸಂಬಂಧ ನಿಮಗೆ ಹೇಗೂ ಪಾಠದಲ್ಲಿ ಬರುತ್ತದೆ, ಅದಕ್ಕೆ ಒಂದೇ ಉದಾಹರಣೆ. ಎಲ್ಲೂ ಅವಕಲನ ಮಾಡಲಾಗದ ನಿರಂತರ ಫಂಕ್ಷನ್ ಒಂದನ್ನು 1872ರಲ್ಲಿ ವೈಯರ್‌ಸ್ಟ್ರಾಸ್ ತೋರಿಸಿದಾಗ ಅದು ವಿಚಿತ್ರ ಪ್ರಾಣಿಯ ಹಾಗೆ ಕಂಡಿತು. 1931ರಲ್ಲಿ ಬಾನಾಕ್ ಮತ್ತು ಮಝುರ್ಕಿಯೆವಿಚ್, ಬೇರ್‌ನ ಪ್ರಮೇಯ ಬಳಸಿ, ನಿರಂತರ ಫಂಕ್ಷನ್‌ಗಳಲ್ಲಿ ಹೆಚ್ಚಿನವು ಹಾಗೇ ಇವೆ ಎಂದು ತೋರಿಸಿದರು. ವಿಚಿತ್ರವಾದವು ನಾವು ತರಗತಿಯಲ್ಲಿ ಬರೆಯುವ ನಯವಾದ ಫಂಕ್ಷನ್‌ಗಳೇ.

ವಿಷಯ ಸತ್ತಿದೆಯಾ ಅಂತ ಕೇಳಿದಿರಿ. ಮೂಲ ಪ್ರಮೇಯಗಳ ಮಟ್ಟದಲ್ಲಿ ಹೌದು, ಕಟ್ಟಡ ಮುಗಿದಿದೆ. ನಿಮ್ಮ ಪಠ್ಯದಲ್ಲಿರುವುದು ಹೆಚ್ಚುಕಮ್ಮಿ 1950ರ ಹೊತ್ತಿಗೆ ಗಟ್ಟಿಯಾಗಿತ್ತು. ಅಲ್ಲಿಂದ ಎರಡು ದಾರಿ ಹೊರಟವು. ಒಂದು ಸೆಟ್ ಸಿದ್ಧಾಂತದ ಕಡೆ. ಸಂಖ್ಯಾರೇಖೆಯನ್ನು ಗುರುತಿಸುವ ಲಕ್ಷಣಗಳಲ್ಲಿ ಒಂದನ್ನು ಸ್ವಲ್ಪ ಸಡಿಲಿಸಿದರೂ ಅದೇ ರೇಖೆ ಸಿಗುತ್ತದಾ ಎಂಬ ಸುಸ್ಲಿನ್‌ನ ಪ್ರಶ್ನೆ, ಅವನು ತೀರಿಕೊಂಡ ಮೇಲೆ, 1920ರಲ್ಲಿ ಪ್ರಕಟವಾಯಿತು. ಐವತ್ತು ವರ್ಷದ ನಂತರ ಸಿಕ್ಕ ಉತ್ತರ: ಸೆಟ್ ಸಿದ್ಧಾಂತದ ಸಾಮಾನ್ಯ ನಿಯಮಗಳಿಂದ ಹೌದು ಅಂತಲೂ ಸಾಧಿಸಲಾಗದು, ಇಲ್ಲ ಅಂತಲೂ ಸಾಧಿಸಲಾಗದು. ಸೊಲೊವೇ ಮತ್ತು ಟೆನೆನ್‌ಬಾಮ್ ಅವರ 1971ರ ಲೇಖನ ಇದರ ಒಂದು ಅರ್ಧ.

ಇನ್ನೊಂದು ದಾರಿ ಇತ್ತೀಚಿನದು. ಗ್ರೂಪಿಗೆ ಟೊಪಾಲಜಿ ಸೇರಿಸಿದ ಕೂಡಲೇ ಬೀಜಗಣಿತ ಹದಗೆಡುತ್ತದೆ. ವಾಸ್ತವ ಸಂಖ್ಯೆಗಳಿಗೆ ಒಮ್ಮೆ ಡಿಸ್ಕ್ರೀಟ್ ಟೊಪಾಲಜಿ (ಎಲ್ಲ ಸೆಟ್‌ಗಳೂ ಓಪನ್ ಆಗಿರುವುದು) ಕೊಡಿ, ಒಮ್ಮೆ ಮಾಮೂಲಿನದು. ಮೊದಲನೆಯದರಿಂದ ಎರಡನೆಯದಕ್ಕೆ ಪ್ರತಿ ಸಂಖ್ಯೆಯನ್ನೂ ಅದಕ್ಕೇ ಕಳಿಸುವ ನಕ್ಷೆ ನಿರಂತರ, ಒಂದಕ್ಕೊಂದು, ಪೂರ್ತಿ ಮುಟ್ಟುತ್ತದೆ. ಆದರೂ ಎರಡೂ ಒಂದೇ ಅಲ್ಲ, ಹಿಂದಿರುಗುವ ನಕ್ಷೆ ನಿರಂತರವಲ್ಲ. ಬೀಜಗಣಿತದ ಸಲಕರಣೆಗಳಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಇದನ್ನು ಸರಿಮಾಡಲು ಡಸ್ಟಿನ್ ಕ್ಲೌಸೆನ್ ಮತ್ತು ಪೀಟರ್ ಶೋಲ್ಟ್ಸೆ ‘ಕಂಡೆನ್ಸ್‌ಡ್ ಗಣಿತ’ ಕಟ್ಟಿದರು. ಅಲ್ಲಿ ಸ್ಪೇಸ್ ಬದಲು, ಅದರೊಳಕ್ಕೆ ಪ್ರೊಫೈನೈಟ್ ಸೆಟ್‌ಗಳಿಂದ ಬರುವ ನಕ್ಷೆಗಳ ಲೆಕ್ಕ ಇಡುತ್ತಾರೆ. ಅದರ ಒಂದು ಕಠಿಣ ಪ್ರಮೇಯವನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಿ ಅಂತ ಶೋಲ್ಟ್ಸೆ 2020ರ ಡಿಸೆಂಬರ್‌ನಲ್ಲಿ ಸವಾಲು ಹಾಕಿದರು. ಲೀನ್ ಎಂಬ ತಂತ್ರಾಂಶದಲ್ಲಿ 2022ರ ಜುಲೈಗೆ ಅದು ಮುಗಿಯಿತು. ಪ್ರೊಫೈನೈಟ್ ಸೆಟ್ ಅಂದರೇನು ಅಂತೀರಾ? ಪರಿಮಿತ ಸೆಟ್‌ಗಳ ಸಾಲಿನಿಂದ ಮಿತಿಯಾಗಿ ಬರುವ ಕಾಂಪ್ಯಾಕ್ಟ್ ಸ್ಪೇಸ್. ಮೇಲೆ ನೋಡಿದ ಆ ಗಾಲ್ವಾ ಗ್ರೂಪ್ ಅಂಥದ್ದೇ ಒಂದು.

ಈ ವಾರ ಒಂದು ಕೆಲಸ ಮಾಡಿ. ಫರ್ಸ್ಟೆನ್‌ಬರ್ಗ್ ಟೊಪಾಲಜಿಯಲ್ಲಿ 1, 2, 6, 24, 120, 720, … ಎಂಬ ಸಾಲು, ಅಂದರೆ 1ರಿಂದ ಶುರುಮಾಡಿ ಗುಣಿಸುತ್ತಾ ಹೋದರೆ ಬರುವ ಸಂಖ್ಯೆಗಳು, ಒಂದು ಪೂರ್ಣಾಂಕಕ್ಕೆ ಹತ್ತಿರ ಹತ್ತಿರ ಹೋಗುತ್ತವೆ. ಯಾವುದಕ್ಕೆ ಅಂತ ಕಂಡುಹಿಡಿಯಿರಿ. ಸುಳಿವು ಬೇಕಾದರೆ: 7ರ ಹೆಜ್ಜೆಯ ಶ್ರೇಢಿಗಳನ್ನು ತೆಗೆದುಕೊಳ್ಳಿ, 5040ರಿಂದ ಮುಂದಿನವೆಲ್ಲ ಯಾವ ಶ್ರೇಢಿಯಲ್ಲಿ ಬೀಳುತ್ತವೆ ನೋಡಿ.